ಹೋತಪ್ಪನ ಗಂಟಲು

ಮೊನ್ನೆ ಸೋಮವಾರ ನಮ್ಮ ವಕೀಲಸಾಹೇಬರು ಕೋರ್ಟಿನ ಮೆಟ್ಟಿಲ ಮೇಲೆ ಜಾರಿ ಬಿದ್ದರು. ಅವರ ಬೆನ್ನಿಗೇ ಕಾಗದಪತ್ರದ ಗಂಟು ಹಿಡಿದು ನಾನು ಇಳಿಯುತ್ತಿದ್ದೆ. ಇಷ್ಟು ವರ್ಷ ಅವರ ಅನ್ನ ತಿಂದ ಗುಮಾಸ್ತ ಅಂಥ ಹೊತ್ತಿನಲ್ಲಿ ಏನು ಮಾಡಬೇಕು? ಗಂಟು ಬಿಸುಟು ಓಡಬೇಕು, ರಟ್ಟೆ ಹಿಡಿದು ಎತ್ತಬೇಕು, ಧೋತರದ ಧೂಳು ಝಾಡಿಸಬೇಕು. ಅದೆಲ್ಲವನ್ನೂ ಮಾಡಿದೆ. ಆದರೆ ಅದಕ್ಕಿಂತ ಮೊದಲು, ಸಾಹೇಬರ ಕಾಲು ಇನ್ನೂ ಗಾಳಿಯಲ್ಲಿರುವಾಗಲೇ, ನನ್ನ ಬಾಯಿಂದ "ಫೀಂ...ಯ್" ಎಂದು ಒಂದು ಸದ್ದು ಹೊರಟಿತು, ಅವರು ನೆಲ ಮುಟ್ಟಿದ ಗಳಿಗೆಗೆ ಸರಿಯಾಗಿ "ಧಬಕ್" ಎಂದು ಇನ್ನೊಂದು. ತಾಳ ಕೂದಲೆಳೆಯಷ್ಟೂ ತಪ್ಪಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಕಕ್ಷಿಗಾರರೆಲ್ಲ ನಕ್ಕರು. ಸಾಹೇಬರು ಅಂದಿನಿಂದ ನನ್ನೊಡನೆ ಕಾಗದದ ಚೀಟಿಯ ಮೂಲಕ ಮಾತಾಡುತ್ತಿದ್ದಾರೆ.

ಏನು ಮಾಡಲಿ, ಚಟ. ಕೆಲವರಿಗೆ ತಂಬಾಕು, ಕೆಲವರಿಗೆ ಇಸ್ಪೀಟು, ನನಗೆ ಇದು. ಯಾರಾದರೂ ಬಿದ್ದರೆ, ಎಡವಿದರೆ, ಬಿಸಿ ಚಹಾ ಬಾಯಿಗೆ ಹಾಕಿಕೊಂಡು ಕಣ್ಣು ಬಿಟ್ಟರೆ, ಅದಕ್ಕೆ ತಕ್ಕ ಸದ್ದು ನನ್ನಿಂದ ತಾನಾಗಿ ಹೊರಡುತ್ತದೆ. ಸಾವಿನ ಮನೆಗೆ ನಾನು ಹೋಗುವುದೇ ಕಡಿಮೆ.

ಅಣ್ಣನ ಮಗ ಶಂಕರ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕ. ಅವನಿಗೆ ಈಗಿನ ಮಾತಾಡುವ ಗೊಂಬೆಚಿತ್ರಗಳ ಹುಚ್ಚು. ಅವು ಹೇಗೆ ತಯಾರಾಗುತ್ತವೆ, ತೆರೆಯ ಹಿಂದೆ ಏನೇನು ನಡೆಯುತ್ತದೆ ಎಂದು ಎಲ್ಲಿಂದಲೋ ಇಂಗ್ಲೀಷು ಮಾಸಿಕ ತಂದು ಓದುತ್ತಾನೆ, ಓದಿದ್ದನ್ನು ನನ್ನ ತಲೆಗೆ ತುರುಕುತ್ತಾನೆ.

"ಕಾಕಾ, ಒಂದು ಪ್ರಾಣಿ ಒಮ್ಮಿ ಬಾಲಾ ಅಳ್ಳಾಡಸಬೇಕಂದ್ರ ರಾಶಿಗಟ್ಟಲೆ ಚಿತ್ರಾ ತಗೀತಾರಂತ. ಗೊತ್ತಿತ್ತೇನು?"

"ಅವರದೇನ ದೊಡ್ಡಸ್ತನಾನೋ," ಎಂದೆ. "ಬರಿಯಾವ್ರು ಕುಂತು ಬರೀತಾರ. ನಾವು ಐದ ರೀಲಿನ್ಯಾಗ ಐದು ವರ್ಷ ಊರಿಗೆ ಊರ ನಗಸೇವಿ. ಅದನ್ನ ಬರದಾರೇನು ನಿನ್ನ ಮಾಸಿಕದಾಗ?"

ಬರೆದಿಲ್ಲ. ಆದ್ದರಿಂದ ನಾನು ಬರೆಯುತ್ತಿದ್ದೇನೆ.

ಹೋತಪ್ಪ ಒಂದು ಹೋತ, ಎಂದರೆ ಗಂಡು ಮೇಕೆ. ಬಿಳಿ ಮೈ, ಕರಿ ಗಡ್ಡ, ಕಾಲಿಗೆ ಇಂಗ್ಲೀಷು ಸಾಹೇಬರ ಚಲ್ಲಣ, ಮೇಲೆ ಅಂಗಿ ಇಲ್ಲ. ಪರದೇಶದ ಯಾವನೋ ಪುಣ್ಯಾತ್ಮ ಬರೆದು ಕುಣಿಸಿದ ಪ್ರಾಣಿ. ಅದಕ್ಕೊಂದು ಇಂಗ್ಲೀಷು ಹೆಸರೂ ಇದ್ದಿರಬೇಕು. ಹೆಸರು ಬರೆದಿದ್ದ ರೀಲಿನ ಮೊದಲ ಮೊಳ ಸೋಲಾಪುರ ಮುಟ್ಟುವುದರೊಳಗೆ ಹರಿದುಹೋಗಿತ್ತು. ಕನ್ನಡದವರು ಹೋತಪ್ಪ ಎಂದರು, ಮರಾಠಿಯವರು ಬೋಕಡರಾವ್ ಎಂದರು, ಎರಡಕ್ಕೂ ಅವನು ಓಗೊಟ್ಟ. ದೊಡ್ಡ ಚಿತ್ರದ ಮೊದಲು ಏಳೆಂಟು ನಿಮಿಷ ಅವನ ಆಟ. ಮೂಕಚಿತ್ರಗಳ ಕಾಲ ಅದು; ಹೋತಪ್ಪನೂ ಮೂಕ. ಜನ ಬರುತ್ತಿದ್ದುದು ಅವನಿಗಾಗಿಯೇ. ಅವನು ಮುಗಿದು ಪತಿವ್ರತೆಯ ಕಥೆ ಶುರುವಾದರೆ ಅರ್ಧ ಮಂದಿ ಬೀಡಿ ಸೇದಲು ಹೊರಗೆ ಹೋಗುತ್ತಿದ್ದರು, ಪತಿವ್ರತೆ ಪಾಪ ಖಾಲಿ ಚಾಪೆಗಳ ಮುಂದೆ ಅಳುತ್ತಿದ್ದಳು.

ಮೊದಲನೆಯ ಗುಟ್ಟು ಹೇಳಿಬಿಡುತ್ತೇನೆ. ಸೋಲಾಪುರದವರು ಹೋತಪ್ಪನ ನೂರಾರು ಕಥೆ ನೋಡಿದೆವೆಂದು ಈಗಲೂ ಆಣೆ ಮಾಡುತ್ತಾರೆ. ನಮ್ಮ ಹತ್ತಿರ ಇದ್ದದ್ದು ಐದು ರೀಲು. ಆಟ ನಡೆಸುತ್ತಿದ್ದ ಮಾಲಕರು ಯಾವುದೋ ಮುಂಬಯಿಯ ಗುಜರಿಯಿಂದ ತಂದವು, ಆರನೆಯದು ಎಂದೂ ಬರಲಿಲ್ಲ. ವಾರವಾರವೂ ಅದೇ ಹೋತ ಅದೇ ಗೋಡೆ ಹಾರುತ್ತಿತ್ತು, ಕಥೆ ಮಾತ್ರ ನಾನು ಬದಲಿಸುತ್ತಿದ್ದೆ. ಒಂದು ವಾರ ಅವನು ಗಿರಣಿಯ ಮೇಸ್ತ್ರಿ ಜಾಬರನಿಂದ ತಪ್ಪಿಸಿಕೊಂಡು ಹಾರಿದ, ಮುಂದಿನ ವಾರ ಪಟ್ಟಿ ವಸೂಲಿಗೆ ಬಂದವನಿಂದ, ಅದರ ಮುಂದಿನ ವಾರ ಹೆಂಡತಿಯಿಂದ. ಒಂದು ರೀಲಿನಲ್ಲಿ ಹೋತಪ್ಪ ಬಾವಿಗೆ ಬೀಳುತ್ತಾನೆ. ಬಿದ್ದಲ್ಲಿಗೇ ರೀಲು ಹರಿದಿತ್ತು. ಹೇಗೆ ಮೇಲೆ ಬಂದ ಎಂಬುದು ನನಗೂ ಇಂದಿನವರೆಗೆ ಗೊತ್ತಿಲ್ಲ. ಭಂಡಾರಕವಠೆಯ ಒಬ್ಬ ಗೌಡರು ಅದನ್ನು ತಿಳಿಯಲೆಂದೇ ಏಳು ಸಲ ಗಾಡಿ ಕಟ್ಟಿಸಿಕೊಂಡು ಬಂದರು, ಏಳು ಸಲವೂ ಬೇರೆ ಬೇರೆ ಉತ್ತರ ಒಯ್ದರು.

ಆಟ ನಡೆಯುತ್ತಿದ್ದುದು ನವಿ ಪೇಠೆಯಿಂದ ಕೂಗಳತೆಯಲ್ಲಿದ್ದ ಒಂದು ಹಳೆಯ ಹತ್ತಿ ಗೋದಾಮಿನಲ್ಲಿ. ಕಿಟಕಿಗಳಿಗೆ ಗೋಣಿತಟ್ಟು ಹೊಡೆದರೆ ನಡುಮಧ್ಯಾಹ್ನವೂ ಕತ್ತಲು. ಗೋದಾಮಿಗೆ ಎರಡು ತುದಿಗೆ ಎರಡು ಬಾಗಿಲು. ಮಾಲಕರು ಪರದೆಯನ್ನು ಸರಿಯಾಗಿ ನಡುವೆ ಕಟ್ಟಿದರು. ಮುಂಬಾಗಿಲಿಂದ ಗಂಡಸರು ಬಂದು ಮುಂದೆ ಕೂಡಬೇಕು, ಹಿಂಬಾಗಿಲಿಂದ ಹೆಂಗಸರು ಬಂದು ಪರದೆಯ ಹಿಂದೆ. ಆಟಕ್ಕೆ ಮೊದಲು ಪರದೆಗೆ ನೀರು ಚಿಮುಕಿಸಿ ನೆನೆಸುತ್ತಿದ್ದರು. ಒದ್ದೆ ಬಟ್ಟೆಯಲ್ಲಿ ಬೆಳಕು ಹಾಯ್ದು ಹಿಂದಿನವರಿಗೂ ಚಿತ್ರ ಕಾಣುತ್ತಿತ್ತು, ಎಡದ್ದು ಬಲಕ್ಕೆ ಆಗಿ. ಅಕ್ಷರಗಳೂ ತಿರುಗುಮುರುಗು. ಒಮ್ಮೆ ಮಾಲಕರು ಹೆಂಗಸರ ಕಡೆ ಇಣುಕಿ, ಅಕ್ಷರ ಉಲ್ಟಾ ಕಾಣುವುದರಿಂದ ತೊಂದರೆಯೇನೂ ಇಲ್ಲವಷ್ಟೆ ಎಂದು ಕೇಳಿದಾಗ ಒಬ್ಬ ಮುದುಕಿ, "ಸುಲ್ಟಾ ಅಕ್ಷರಾನ ಯಾರು ಕಲಿಸ್ಯಾರಪಾ ನಮಗ, ಉಲ್ಟಾ ತಿಳೀವಲ್ದು ಅನ್ನಾಕ," ಎಂದಳು.

ಪರದೆಯ ಹಿಂದೆ, ಹೆಂಗಸರ ಕಡೆಯ ಮೂಲೆಯಲ್ಲಿ, ನಾವಿಬ್ಬರು ನಿಲ್ಲುತ್ತಿದ್ದೆವು. ನಾನು ತಗಡಿನ ತುತ್ತೂರಿ ಹಿಡಿದು ಕಥೆ ಹೇಳುವವನು ಮತ್ತು ಹೋತಪ್ಪನ ಗಂಟಲು. ಹುಸೇನಸಾಬ ತಬಲಾ, ಮತ್ತು ಜಗತ್ತಿನ ಉಳಿದೆಲ್ಲ ಸದ್ದು. ಅವನ ಸಂಸಾರ ನೋಡಬೇಕಿತ್ತು: ರೈಲಿಗೆ ಜರಡಿಯಲ್ಲಿ ಜೋಳ, ಮಳೆಗೆ ಒಣ ತೊಗರಿಕಟ್ಟಿಗೆ, ಬೀಳುವುದಕ್ಕೆ ಗಿರಣಿಯ ಕಸದ ಹತ್ತಿ ತುಂಬಿ ನೆನೆಸಿದ ಚೀಲ. ಚೀಲ ಒಡೆದ ವಾರ ಬೀಳುವ ಸದ್ದು ನನ್ನ ಪಾಲಿಗೆ ಬಂತು, ಬಂದದ್ದು ಹೋಗಲಿಲ್ಲ.

ಕಥೆಯನ್ನು ಎರಡು ಭಾಷೆಯಲ್ಲಿ ಹೇಳಬೇಕು, ಒಂದು ಮಾತು ಮರಾಠಿ, ಒಂದು ಮಾತು ಕನ್ನಡ. ಎರಡೂ ತಿಳಿದವರು ಎರಡು ಸಲ ನಗುತ್ತಿದ್ದರು. ಮಗ್ಗದ ಕೇರಿಯ ತೆಲುಗಿನವರು ಎರಡನ್ನೂ ಕಾಯದೆ ಹೋತಪ್ಪನ ಮುಖ ನೋಡಿಯೇ ನಕ್ಕುಬಿಡುತ್ತಿದ್ದರು, ನಿಜವಾದ ರಸಿಕರು ಅವರೇ. ಪೀಡೆ ಎಂದರೆ ಒಬ್ಬ ಸಾಲಿ ಮಾಸ್ತರರು. ಇಂಗ್ಲೀಷು ಬಲ್ಲವರು. ಪರದೆಯ ಮೇಲೆ ಅಕ್ಷರ ಮೂಡಿದೊಡನೆ, "ಹಂಗ ಬರದಿಲ್ಲ, ಇಂವಾ ಸುಳ್ಳ ಹೇಳಾಕತ್ತಾನ," ಎಂದು ಎದ್ದು ನಿಲ್ಲುತ್ತಿದ್ದರು. ಮಾಲಕರು ಉಪಾಯ ಹೂಡಿದರು. ಅಕ್ಷರ ಮೂಡುವ ಮೊದಲು ಅವರ ಕೈಗೆ ದೊಡ್ಡದೊಂದು ಪಾನಪಟ್ಟಿ. ಬಾಯಿತುಂಬ ಎಲೆಅಡಿಕೆ ಇದ್ದವನು ಇಂಗ್ಲೀಷು ಓದಲಾರ.

ಹಗಲು ನಾನು ವಕೀಲರ ಗುಮಾಸ್ತ ಶಿವಲಿಂಗಪ್ಪ, ಹಣೆತುಂಬ ವಿಭೂತಿ. ಆಟದ ಹೊತ್ತಿಗೆ ನಾನು ಸಿದ್ಧರಾಮನ ಗುಡಿಯಲ್ಲಿ ಪುರಾಣ ಕೇಳುತ್ತಿದ್ದೇನೆಂದು ನಮ್ಮವ್ವ ನಂಬಿದ್ದಳು, ನನ್ನ ಭಕ್ತಿಯನ್ನು ಓಣಿಗೆಲ್ಲ ಸಾರಿದ್ದಳು. ಆ ಭಕ್ತಿಯ ಕೀರ್ತಿಯಿಂದಲೇ ನನಗೆ ಹೆಣ್ಣು ಸಿಕ್ಕಿತು ಎಂದು ತಿಳಿದಿದ್ದೆ. ಅಕ್ಕಲಕೋಟದ ದಫ್ತರದಾರ ಗುರುಶಾಂತಪ್ಪನವರ ಮಗಳು ನೀಲಾ. ಮಾವನವರದು ಸಂಸ್ಥಾನದ ಕಚೇರಿಯಲ್ಲಿ ದಫ್ತರದ ಕೆಲಸ. ಏನನ್ನೇ ಹೇಳುವ ಮೊದಲು ಮೂರು ಸಲ ಕೆಮ್ಮಿ, "ಅಂದ್ರ ಏನಪಾ ಅಂದ್ರ" ಎಂದು ಪೀಠಿಕೆ ಹಾಕುವ ಮನುಷ್ಯ. ಅತ್ತೆಯವರ ಧ್ವನಿಯನ್ನು ನಾನು ಮದುವೆಯಲ್ಲಿ ಕೇಳಿದ ನೆನಪಿಲ್ಲ. ಅಡಿಗೆಮನೆಯ ಬಾಗಿಲ ಮರೆಯಿಂದ "ಹೂಂರಿ", "ಆತ್ರಿ" ಇಷ್ಟೇ ಬರುತ್ತಿತ್ತು. ಮಗಳೂ ತಾಯಿಯ ಪಡಿಯಚ್ಚು. ಎರಡು ತಿಂಗಳು ನಮ್ಮ ಮನೆಯಲ್ಲಿ ಇದ್ದಳು, ನನ್ನೊಡನೆ ಒಟ್ಟು ನಾಲ್ಕು ಮಾತು ಆಡಿರಬಹುದು. ಪುರಾಣಕ್ಕೆ ಹೊರಟಾಗ ಮಾತ್ರ ಒಂದು ಕಲ್ಲುಸಕ್ಕರೆಯ ತುಂಡು ಕೈಗೆ ಕೊಡುತ್ತಿದ್ದಳು. ಪುರಾಣ ಕೇಳುವವನಿಗೆ ಕಲ್ಲುಸಕ್ಕರೆ ಏಕೆ ಎಂದು ಕೇಳುವ ಬುದ್ಧಿ ನನಗೆ ಹೊಳೆಯಲಿಲ್ಲ.

ಆಷಾಢ ಬಂತು. ಹೊಸ ಮದುಮಗಳು ಆಷಾಢದಲ್ಲಿ ತವರಿಗೆ ಹೋಗಬೇಕು, ಹೋದಳು. ಆ ವರ್ಷ ಅಧಿಕ ಆಷಾಢ. ಎಲ್ಲರಿಗೂ ಒಂದು ಆಷಾಢವಾದರೆ ನನಗೆ ಎರಡು. ಪಂಚಾಂಗದವರ ಮೇಲೆ ದಾವೆ ಹೂಡಲು ಬರುತ್ತದೆಯೇ ಎಂದು ವಕೀಲರನ್ನು ಕೇಳಿದೆ.

ಹೋಗಿ ಎಂಟು ದಿನವಾಗಿರಲಿಲ್ಲ, ಮಾವನವರ ಪತ್ರ ಬಂತು. ಯಾರೋ ಚಾಡಿ ಹೇಳಿದ್ದರು. "ತಾವು ಸಿನೇಮಾದ ಆಟದಲ್ಲಿ ಹೋತಿನಂತೆ ಒದರುತ್ತೀರೆಂದು ಇಲ್ಲಿ ಬಾಜಾರದಲ್ಲಿ ಮಾತಿದೆ. ನಮ್ಮ ಮನೆತನದಲ್ಲಿ ಯಾರೂ ಬಣ್ಣ ಹಚ್ಚಿದವರಲ್ಲ. ಇದು ಸುಳ್ಳೆಂದು ಕಣ್ಣಾರೆ ಕಾಣುವ ತನಕ ಮಗಳನ್ನು ಕಳಿಸುವುದಿಲ್ಲ." ನಾನು ವಕೀಲರ ಗುಮಾಸ್ತ. ಸುಳ್ಳು ಹೇಳದೆ ಸತ್ಯ ಮುಚ್ಚುವುದೇ ನನ್ನ ಹೊಟ್ಟೆಪಾಡು. "ನಾನು ಜನ್ಮದಲ್ಲಿ ಬಣ್ಣ ಹಚ್ಚಿಲ್ಲ" ಎಂದು ಉತ್ತರ ಬರೆದೆ. ಬರೆದು ಹೆಮ್ಮೆಪಟ್ಟೆ. ಆಮೇಲೆ ರಾತ್ರಿ ಊಟಕ್ಕೆ ಕೂತೆ. ನಾಲ್ಕೇ ಮಾತು ಆಡಿದವಳಾದರೂ ಅವಳಿಲ್ಲದ ಮನೆ ಬಿಕೋ ಎನ್ನುತ್ತಿತ್ತು. ನಿಜ ಹೇಳುತ್ತೇನೆ, ಅವಳು ಬರುವುದಿಲ್ಲವೇನೋ ಎಂದು ಹೆದರಿದೆ.

ನಮ್ಮ ಕಡೆ ಅಧಿಕ ಮಾಸಕ್ಕೆ ಧೋಂಡ್ಯಾನ ತಿಂಗಳು ಎನ್ನುತ್ತಾರೆ. ಮಾವನಾದವನು ಎಷ್ಟೇ ಸಿಟ್ಟಿನಲ್ಲಿರಲಿ, ಆ ತಿಂಗಳು ಅಳಿಯನನ್ನು ಕರೆದು ಕೂಡಿಸಿ, ಅಕ್ಕಿಹಿಟ್ಟು ಬೆಲ್ಲ ಕಲಸಿ ಕರಿದ ಮೂವತ್ತಮೂರು ಅನಾರಸ ತಾಟಿನಲ್ಲಿಟ್ಟು ಕೊಡಬೇಕು. ಹಾಗಾಗಿ ಸಿಟ್ಟಿನ ಪತ್ರದ ಹಿಂದೆಯೇ ಔತಣದ ಪತ್ರವೂ ಬಂತು.

ಸರ್ವಿಸ್ ಮೋಟಾರಿನಲ್ಲಿ ಹೊರಟೆ. ಕುಂಭಾರಿಯಲ್ಲಿ ಒಬ್ಬ ರೈತ ಒಂದು ಹೋತಿನ ಸಮೇತ ಹತ್ತಿ ನನ್ನ ಪಕ್ಕದಲ್ಲೇ ಕೂತ. ಮೋಟಾರು ಕುಲುಕಿದಾಗ ಹೋತು ಒದರಿತು. ನನ್ನ ಮನಸ್ಸೆಲ್ಲ ಮಾವನವರ ಮೇಲಿತ್ತು. ಬಾಯಿ ತನ್ನಷ್ಟಕ್ಕೆ ತಾನು ತಿರುಗಿ ಒದರಿತು. ಹೋತು ಬೆಚ್ಚಿ ನನ್ನನ್ನೇ ನೋಡಿತು. ರೈತನೂ ಬಹಳ ಹೊತ್ತು ನೋಡಿ, "ನಿಮ್ಮನ್ನ ಎಲ್ಲೋ ಕೇಳಿದಂಗ ಐತ್ರಿ," ಎಂದ. ನಾನು ಅಕ್ಕಲಕೋಟದವರೆಗೆ ಕಿಟಕಿಯ ಹೊರಗೆ ತಲೆ ಹಾಕಿ ಕೂತೆ.

ಔತಣವೇನೋ ಭರ್ಜರಿ. ಹೂರಣ ತುಂಬಿದ ಧೋಂಡೆ, ಅದರ ಮೇಲೆ ತುಪ್ಪ. ಅನಾರಸದ ತಾಟು ಬಂದಾಗ ಮಾವನವರು ಬೆರಳು ಮುಟ್ಟಿಸಿ ಒಂದೊಂದಾಗಿ ಎಣಿಸಿದರು. ಒಂದು ಕಡಿಮೆ ಕಂಡಿತು, ಮತ್ತೆ ಎಣಿಸಿದರು, ಸರಿಹೋಯಿತು. ದಫ್ತರದ ಮನುಷ್ಯ. ಆಮೇಲೆ ಮೂರು ಸಲ ಕೆಮ್ಮಿದರು.

"ಅಂದ್ರ ಏನಪಾ ಅಂದ್ರ, ಪತ್ರದಾಗ ಬಣ್ಣಾ ಹಚ್ಚಿಲ್ಲ ಅಂತ ಬರದೀರಿ. ಒದರ್ತೀರೋ ಇಲ್ಲೋ ಅದನ್ನ ಬರದಿಲ್ಲ."

ನನ್ನ ಬಾಯಲ್ಲಿ ಅನಾರಸ. ಉಗುಳಲಾರೆ, ನುಂಗಲಾರೆ.

"ಇರ್ಲಿ. ಬರೂ ಆಯಿತವಾರ ನಾವು ಸೋಲಾಪುರಕ್ಕ ಬರಾವ್ರ ಅದೇವಿ. ತಾಯಿ ಮಗಳನ್ನೂ ಕರಕೊಂಡ ಬರ್ತೀನಿ. ಮಧ್ಯಾನ್ನದ ಆಟಕ್ಕ ಕುಂತು ನಾನ ನೋಡ್ತೀನಿ, ಒದರಾವ್ರು ಯಾರು ಅಂತ."

ಬಾಗಿಲ ಮರೆಯಲ್ಲಿ ಬಳೆ ಸದ್ದಾಯಿತು. ನೀಲಾ ಇರಬೇಕು. ಅಷ್ಟರಲ್ಲಿ ಅತ್ತೆಯವರು ಬಂದು, "ಇನ್ನೊಂದು ಧೋಂಡಿ ಹಾಕ್ಕೋರಿ," ಎಂದು ಎಲೆಗೆ ಬಡಿಸಿ ಒಳಗೆ ಹೋದರು. ಅವರ ಮುಖದಲ್ಲಿ ನಗು ಕಂಡಂತಾಯಿತು. ತುಪ್ಪದ ಅಮಲಿರಬೇಕೆಂದು ಬಿಟ್ಟೆ.

ಆದಿತ್ಯವಾರದವರೆಗೆ ನಾನು ಮಾಡದ ಉಪಾಯವಿಲ್ಲ. ಜ್ವರ ಎಂದೆ. ಮಾಲಕರು, "ಹೋತಪ್ಪ ಇಲ್ಲಂದ್ರ ಮಂದಿ ಗೋದಾಮಿಗೆ ಬೆಂಕಿ ಹಚ್ಚತಾರ," ಎಂದರು. ಹುಸೇನಸಾಬನಿಗೆ ಒದರಲು ಕಲಿಸಿದೆ. ಅವನ ಗಂಟಲಿನಿಂದ ಹೋತು ಹೊರಡದೆ ಎಮ್ಮೆ ಹೊರಟಿತು.

ಆ ಮಧ್ಯಾಹ್ನ ಪರದೆಯ ಸಂದಿಯಿಂದ ಇಣುಕಿದೆ. ಮುಂದಿನ ಸಾಲಿನ ನಡುವೆ ಜರಿ ರುಮಾಲು ಸುತ್ತಿ, ಕೋಲಿನ ಮೇಲೆ ಎರಡೂ ಕೈ ಊರಿ, ಮಾವನವರು ಕೂತಿದ್ದರು. ತಿರುಗಿ ಹೆಂಗಸರ ಕಡೆ ನೋಡಿದೆ. ನನ್ನಿಂದ ಐದು ಮಾರು ದೂರದ ಚಾಪೆಯ ಮೇಲೆ ಅತ್ತೆಯವರು, ಅವರ ಮಗ್ಗುಲಲ್ಲಿ ನೀಲಾ. ಇಬ್ಬರೂ ಪರದೆಯನ್ನು ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಇಬ್ಬರೇ ಅಲ್ಲ, ಚಾಪೆಯ ಮೇಲಿದ್ದ ಅಷ್ಟೂ ಹೆಂಗಸರು ನನ್ನನ್ನೇ ನೋಡುತ್ತಿದ್ದರು. ಹಿಂದೆ ಕೂತವರಿಗೆ ನಾನು ಕಾಣುತ್ತೇನೆ ಎಂಬುದು ನನಗೆ ಗೊತ್ತಿಲ್ಲದ ಮಾತೇನಲ್ಲ. ಆದರೆ ಎದುರಿಗೆ ಅಷ್ಟು ಚಂದದ ಚಿತ್ರ ಓಡುತ್ತಿರುವಾಗ ಕತ್ತು ಹಿಡಿದುಕೊಂಡು ಒದರುವ ಗುಮಾಸ್ತನನ್ನು ಯಾರು ನೋಡುತ್ತಾರೆ ಎಂದುಕೊಂಡಿದ್ದೆ. ನಾಲ್ಕು ವರ್ಷ ಅವರು ನೋಡಿದ್ದು ಅದನ್ನೇ.

ರೀಲು ತಿರುಗಿತು. ಅಂದಿನದು ಮೂರನೆಯ ರೀಲು: ಹೋತಪ್ಪ ಒಬ್ಬ ದಪ್ಪ ಮನುಷ್ಯನ ಮನೆಗೆ ಊಟಕ್ಕೆ ಹೋಗಿ ತಾಟು, ಹಾಸು, ಕುರ್ಚಿಯ ಕಾಲು ಎಲ್ಲವನ್ನೂ ತಿನ್ನುತ್ತಾನೆ. ದಪ್ಪ ಮನುಷ್ಯ ತಾಟುಗಳನ್ನು ಎಣಿಸುತ್ತಾ ಇರುತ್ತಾನೆ. ಕೊನೆಗೆ ಒಬ್ಬ ಹೆಂಗಸು ಸೌಟು ಹಿಡಿದು ಬರುತ್ತಾಳೆ. ಆ ಹೆಂಗಸಿಗೆ ನಾನು ಅಲ್ಲಿಯವರೆಗೆ ಒಂದು ಮಾತನ್ನೂ ಕೊಟ್ಟಿರಲಿಲ್ಲ, ಸೌಟು ಇದ್ದವಳಿಗೆ ಮಾತೇಕೆ ಎಂದು.

ಹೋತಪ್ಪ ಬಾಯಿ ತೆರೆದ. ನಾನೂ ತೆರೆದೆ. ಗಾಳಿ ಬಂತು, ಸದ್ದು ಬರಲಿಲ್ಲ.

"ಗಲಾ ಬೈಠಾ ಕ್ಯಾ? ಗಂಟಲಾ ಕುಂತತೇನ?" ಎಂದು ಹುಸೇನಸಾಬ ಪಿಸುಗುಟ್ಟಿದ. ಮುಂದೆ ಸೀಟಿ ಬಿದ್ದವು. "ಏ ಹೋತಪ್ಪಾ, ಒದರಲೇ," ಎಂದು ಯಾರೋ ಕೂಗಿದರು.

ಅತ್ತೆಯವರು ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಟ್ಟಗೆ ಬಂದು ನನ್ನ ಕೈಯಿಂದ ತುತ್ತೂರಿ ತೆಗೆದುಕೊಂಡರು.

"ನೀವು ಹೊರಗಿಂದ ಸುತ್ತು ಹಾಕಿ ಹೋಗಿ ಅವರ ಮಗ್ಗಲಕ್ಕ ಕುಂಡ್ರಿ. ಲಗೂ ಹೋಗ್ರಿ. ಇಲ್ಲಿಂದು ನಾವು ನೋಡ್ಕೋತೀವಿ."

"ಅತ್ತಿಯವ್ರ, ನಿಮಗ..."

"ಹೋಗ್ರಿ ಅಂದ್ನೆಲ್ಲ."

ಅದು ಆಜ್ಞೆ. ಹಿಂಬಾಗಿಲಿಂದ ಓಡಿ, ಗೋದಾಮು ಸುತ್ತಿ, ಮುಂಬಾಗಿಲಿಂದ ಒಳಗೆ ಬರುತ್ತಿರುವಾಗಲೇ ಹೋತಪ್ಪ ಒದರಿದ. ನನ್ನ ಒದರುವಿಕೆ ಅದರ ಮುಂದೆ ಏನೂ ಅಲ್ಲ. ಅದರಲ್ಲಿ ಹಸಿವಿತ್ತು, ಸೊಕ್ಕಿತ್ತು, ಹೊಸ ಅಳಿಯನ ನಾಚಿಕೆಯೂ ಇತ್ತು. ನಾಲ್ಕೇ ಮಾತು ಬಲ್ಲ ನನ್ನ ಹೆಂಡತಿಯ ಗಂಟಲು ಅದು. ಮಾವನವರ ಪಕ್ಕ ಹೋಗಿ ಕೂತೆ. ಅವರು ನನ್ನನ್ನು ನೋಡಿದರು, ಪರದೆ ನೋಡಿದರು, ಮತ್ತೆ ನನ್ನ ಬಾಯಿ ನೋಡಿದರು. ನನ್ನ ಬಾಯಿ ಮುಚ್ಚಿತ್ತು, ಹೋತಪ್ಪ ಒದರುತ್ತಿದ್ದ.

ಆಮೇಲೆ ಅತ್ತೆಯವರ ಕೈಯ ತುತ್ತೂರಿಯಿಂದ ಕಥೆ ಶುರುವಾಯಿತು. ತುತ್ತೂರಿಯಲ್ಲಿ ಹಾಯ್ದ ಧ್ವನಿ ಯಾರದ್ದಾದರೂ ತಗಡಾಗಿಯೇ ಬರುತ್ತದೆ. ಮರಾಠಿ ಒಮ್ಮೆ, ಕನ್ನಡ ಒಮ್ಮೆ, ಎರಡೂ ನೀರು ಕುಡಿದಂತೆ. ಹೋತಪ್ಪ ಧೋಂಡ್ಯಾನ ತಿಂಗಳಿಗೆ ಮಾವನ ಮನೆಗೆ ಬಂದನಂತೆ. ಮಾವ ಮೂರು ಸಲ ಕೆಮ್ಮಿದನಂತೆ. "ಅಂದ್ರ ಏನಪಾ ಅಂದ್ರ" ಎಂದನಂತೆ. ಮೂವತ್ತಮೂರು ಅನಾರಸ ಎಣಿಸಿದನಂತೆ, ಒಂದು ಕಡಿಮೆ ಬಿತ್ತೆಂದು ಅಳಿಯನ ಗಡ್ಡದಲ್ಲಿ ಹುಡುಕಿದನಂತೆ. ಆಯಿತು, ಈಗ ಕೋಲು ಎತ್ತುತ್ತಾರೆ ಎಂದು ಪಕ್ಕಕ್ಕೆ ನೋಡಿದರೆ, ಮಾವನವರು ರುಮಾಲಿನ ಸೆರಗಿನಿಂದ ಕಣ್ಣೀರು ಒರೆಸಿಕೊಳ್ಳುತ್ತಾ ನಗುತ್ತಿದ್ದರು.

"ಥೇಟ್ ನಮ್ಮ ಅಣ್ಣ," ಎಂದು ನನ್ನ ತೊಡೆಗೆ ಬಡಿದರು. "ಹಿಂಗ ನೋಡ್ರಿ ಅಂವಾ. ಹಿಂಗ ಎಣಸಾಂವ."

ಕೊನೆಗೆ ಸೌಟಿನ ಹೆಂಗಸು ಬಂದಳು. ಅವಳು ದಪ್ಪ ಮನುಷ್ಯನ ಎದುರು ಸೌಟು ಎತ್ತಿ ನಿಂತಾಗ ತುತ್ತೂರಿ ಮೆಲ್ಲಗೆ ಹೇಳಿತು:

"ಮೂವತ್ತಮೂರೂ ಎಣಿಸಿದ್ರಿ. ಒಲಿ ಮುಂದ ಕುಂತು ಕರದಾಕಿ ಒಂದರ ತಿಂದಾಳೇನು ಅಂತ ಕೇಳಿದ್ರೇನು?"

ಗಂಡಸರ ಕಡೆ ಗೋದಾಮು ಹಾರಿಹೋಗುವಂಥ ನಗೆ. ಎಲ್ಲರಿಗಿಂತ ದೊಡ್ಡದು ಮಾವನವರದು. ಹೆಂಗಸರ ಕಡೆಯಿಂದ ಮಾತ್ರ ಒಂದು ಪಿಟ್ಟೆಂಬ ಸದ್ದೂ ಬರಲಿಲ್ಲ. ನಾನು ನಗಲು ಬಾಯಿ ತೆರೆದವನು ಹಾಗೇ ಕೂತೆ. ಮಾವನವರು ಮೂವತ್ತು ವರ್ಷ ಸಂಸಾರ ಮಾಡಿದ ಹೆಂಡತಿಯ ಧ್ವನಿಯನ್ನು ಗುರುತಿಸಲಿಲ್ಲ. ತಗಡಿನ ತಪ್ಪೇನೂ ಅಲ್ಲ ಅದು, ಅಷ್ಟು ಉದ್ದದ ಮಾತನ್ನು ಅವರು ಆಕೆಯ ಬಾಯಲ್ಲಿ ಕೇಳಿರಲೇ ಇಲ್ಲ. ನಗುವ ಹಕ್ಕು ನನಗೂ ಇರಲಿಲ್ಲ. ಅನಾರಸ ತಿಂದವನು ನಾನೇ.

ಹೊರಗೆ ಬಂದ ಮೇಲೆ ಮಾವನವರು ಮೂರು ಸಲ ಕೆಮ್ಮಿದರು.

"ಅಂದ್ರ ಏನಪಾ ಅಂದ್ರ, ನಾ ನಿಮ್ಮ ಮ್ಯಾಲ ಸುಮ್ಮಸುಮ್ಮನ ಸಂಶೇ ಪಟ್ಟೆ. ಆ ಒದರಾವ ಯಾವನೋ ಭಾಳ ಶ್ಯಾಣ್ಯಾ ಅದಾನ. ಅಷ್ಟು ಬುದ್ಧಿ ನಿಮಗೆಲ್ಲಿಂದ ಬರಬೇಕು. ನಾಗರಪಂಚಮಿ ಮುಗದ ಮರದಿನ ಬಂದು ನೀಲಾನ್ನ ಕರಕೊಂಡ ಹೋಗ್ರಿ."

ಜನ್ಮದಲ್ಲಿ ಯಾವ ಬೈಗಳವೂ ನನಗೆ ಅಷ್ಟು ಸಿಹಿಯಾಗಿ ಕೇಳಿಸಿಲ್ಲ.

ಪಂಚಮಿ ಮುಗಿಸಿ ಬಂದ ಮೇಲೆ ನೀಲಾ ಬಾಯಿತುಂಬ ಮಾತಾಡಲು ಶುರು ಮಾಡಿದಳು, ಇಂದಿನವರೆಗೆ ನಿಲ್ಲಿಸಿಲ್ಲ. ಆಗ ಹೊರಬಿದ್ದದ್ದು ಇದು: ತಾಯಿ ಮಗಳು ಸೋಲಾಪುರದ ನೆಂಟರ ಮನೆಗೆ ಬಂದಾಗಲೆಲ್ಲ ಹಿಂಬಾಗಿಲಿಂದ ಹೋತಪ್ಪನನ್ನು ನೋಡುತ್ತಿದ್ದರು. ನನ್ನ ಜಾತಕ ಬಂದಾಗ ಅತ್ತೆಯವರು, "ದಫ್ತರದ ಮಾರಿ ನೋಡಿ ನೋಡಿ ನನಗ ಸಾಕಾಗ್ಯದ. ನಗಸಾವ್ರ ಮನ್ಯಾಗರ ನೀ ಇರು," ಎಂದು ಮಗಳಿಗೆ ಹೇಳಿ ಒಪ್ಪಿಸಿದ್ದರಂತೆ. ನಮ್ಮವ್ವ ಹೊಗಳಿದ ಭಕ್ತಿಯನ್ನು ಅವರು ಕವಡೆಗೂ ಕೇಳಿರಲಿಲ್ಲ. ಹೋತಪ್ಪನ ಗಂಟಲು ಯಾರದೆಂದು ಓಣಿಯ ಹೆಂಗಸರಿಗೆಲ್ಲ ಗೊತ್ತಿತ್ತು. ಚಾಡಿ ಹೇಳಿದವನು ಗಂಡಸೇ. ಇನ್ನು ಹೋತಪ್ಪನ ವಿಷಯ: ಆಮೇಲೆ ಒಂದು ವರ್ಷ, ಮಾತಾಡುವ ಚಿತ್ರ ಬಂದು ನಮ್ಮನ್ನೆಲ್ಲ ಮೂಕರನ್ನಾಗಿ ಮಾಡುವವರೆಗೆ, ಕಥೆ ನನ್ನದು, ಗಂಟಲು ಚಾಪೆಯ ಮೇಲೆ ಕೂತ ನೀಲಾಳದು. ಮಾಲಕರೇ ಹಾಗೆ ಠರಾಯಿಸಿದರು. ಮರುವಾರ ನನ್ನ ಒದರುವಿಕೆ ಕೇಳಿದವರು "ಇಂವಾ ನಕಲಿ" ಎಂದು ಗಲಾಟೆ ಮಾಡಿದ್ದರು. ಶಂಕರನ ಮಾಸಿಕದಲ್ಲಿ ಇದೂ ಇಲ್ಲ.

ಆದರೆ ನಾನು ಹೇಳಬೇಕೆಂದಿದ್ದು ಆ ಆದಿತ್ಯವಾರದ ಸಂಜೆಯದು. ಅವರನ್ನು ಅಕ್ಕಲಕೋಟದ ಮೋಟಾರು ಹತ್ತಿಸಲು ಅಡ್ಡೆಗೆ ಹೋಗಿದ್ದೆ. ಮೋಟಾರು ಹೊರಡಲು ಹೊತ್ತಿತ್ತು. ಮಾವನವರು ಬೆಂಚಿನ ಮೇಲೆ ಕೂತರು, ಅತ್ತೆಯವರು ಗಂಟಿನ ಪಕ್ಕ ಕೆಳಗೆ. ಮಾವನವರ ನಗು ಇನ್ನೂ ಇಂಗಿರಲಿಲ್ಲ.

"ನಿಮಗ ಹಿಂದ ಕುಂತು ಏನ ತಿಳದಿದ್ದೀತು, ಎಲ್ಲಾ ಉಲ್ಟಾ," ಎಂದು ಹೆಂಡತಿಗೆ ಕಥೆಯನ್ನು ಮೊದಲಿಂದ ಹೇಳತೊಡಗಿದರು. ಮಾವ ಕೆಮ್ಮಿದ್ದು, ಎಣಿಸಿದ್ದು, ಗಡ್ಡದಲ್ಲಿ ಹುಡುಕಿದ್ದು. ಅತ್ತೆಯವರು ಕಾಲುಂಗುರ ತಿರುವುತ್ತಾ, "ಹೌದೇನ್ರಿ? ಹಂಗಂದ್ನೇನ್ರಿ?" ಎನ್ನುತ್ತಾ ಕೇಳುತ್ತಿದ್ದರು. ನೀಲಾ ಬೇರೆ ಕಡೆ ಮುಖ ತಿರುಗಿಸಿ ಭುಜ ಕುಲುಕಿಸುತ್ತಿದ್ದಳು.

"ಕಡೀಕ ಆ ಹೆಂಗಸ ಬಂದು ಏನಂತಾಳ ಗೊತ್ತೈತೇನು? ಮೂವತ್ತಮೂರೂ ಎಣಿಸಿದ್ರಿ, ಒಲಿ ಮುಂದ ಕುಂತು ಕರದಾಕಿ ಒಂದರ..."

ಅಲ್ಲಿಗೆ ಮಾವನವರು ನಿಂತರು. ನಗು ಅರ್ಧಕ್ಕೇ ಉಳಿಯಿತು. ಮೂರು ಸಲ ಕೆಮ್ಮಲಿಲ್ಲ, ಪೀಠಿಕೆಯನ್ನೂ ಹಾಕಲಿಲ್ಲ.

"ನೀ ತಿಂದಿದ್ದೇನ, ಅವತ್ತು?"

"ಇಲ್ರಿ," ಎಂದರು ಅತ್ತೆಯವರು. "ಹಿಟ್ಟು ಮೂವತ್ತಮೂರಕ್ಕ ಸರಿಹೋತು."

ಮಾವನವರು ಕೋಲೂರಿ ಎದ್ದು ಅಡ್ಡೆಯ ಮೂಲೆಯಲ್ಲಿದ್ದ ಹಣ್ಣಿನ ಗಾಡಿಯವರೆಗೆ ಹೋದರು. ಗಾಡಿಯ ಮೇಲೆ ಬಾಳೆಹಣ್ಣಿತ್ತು, ನೇರಳೆಯಿತ್ತು, ಹಂಗಾಮಿನ ಕೊನೆಯ ಮಾವಿತ್ತು. ಒಂದಕ್ಕೆ ಕೈ ಹಾಕಿದರು, ಬಿಟ್ಟರು. ಇನ್ನೊಂದಕ್ಕೆ ಹಾಕಿದರು, ಅದನ್ನೂ ಬಿಟ್ಟರು. ಕೊನೆಗೆ ಅಲ್ಲಿಂದಲೇ ತಿರುಗಿ, ಅಡ್ಡೆಯ ಮಂದಿಯೆಲ್ಲ ಕೇಳುವ ಹಾಗೆ ಕೂಗಿದರು.

"ಏ, ನಿನಗ್ಯಾವ ಹಣ್ಣ ಸೇರತೈತಿ?"

ಅತ್ತೆಯವರು ತಲೆಯೆತ್ತಿದರು. ಒಂದು ಗಳಿಗೆ ಮಗಳ ಮುಖ ನೋಡಿದರು, ಅವಳಿಗೇನಾದರೂ ಗೊತ್ತಿದೆಯೇ ಎನ್ನುವ ಹಾಗೆ. ಮೋಟಾರಿನವನು ಎರಡು ಸಲ ಪೋಂ ಪೋಂ ಎಂದ, ಮಂದಿ ಹತ್ತತೊಡಗಿದರು, ಮಾವನವರು ಗಾಡಿಯ ಹತ್ತಿರ ಕಾಯುತ್ತಲೇ ನಿಂತಿದ್ದರು. ಅತ್ತೆಯವರು ಇನ್ನೂ ವಿಚಾರ ಮಾಡುತ್ತಿದ್ದರು.